ಮಂಗಳೂರಿನಿಂದ ಕಾರವಾರದವರೆಗೆ ಕಡಲ ತೀರದ ಊರುಗಳು, ಹಳೇ ಬಂದರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಹತ್ತಿರ ಬಂತೆಂದರೆ ಘಟ್ಟದ ಮೇಲಿನ ನೆಂಟರು, ಸ್ನೇಹಿತರು, ಅವರ ಆಫೀಸಿನವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ರೂಮಿನ ಬಾಡಿಗೆ, ಟಿಕೆಟ್ ದರ ಹಾಕಿಲ್ಲ. ಅವು ಸೀಸನ್ನಿಗೊಂದು ರೀತಿ ಇರುತ್ತವೆ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ. ಬೆಳಗಿನ ಹೊತ್ತು ತಂಪಿರುತ್ತದೆ, ಸಮುದ್ರ ಶಾಂತವಾಗಿರುತ್ತದೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ. ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮುರುಡೇಶ್ವರದ ರಸ್ತೆ ತುಂಬ ಶಾಲಾ ಪ್ರವಾಸದ ಬಸ್ಸುಗಳು.

ಮಾರ್ಚ್ ಕಳೆದರೆ ಸೆಕೆ. ಬಳ್ಳಾರಿ, ರಾಯಚೂರಿನ 40 ಡಿಗ್ರಿಯಲ್ಲಿ ಆರಾಮಾಗಿ ಓಡಾಡುವವರೂ ಇಲ್ಲಿನ 34 ಡಿಗ್ರಿಗೆ ಬೆಳಿಗ್ಗೆ ಹನ್ನೊಂದಕ್ಕೇ ಬೆವರಿ ಸುಸ್ತಾಗುತ್ತಾರೆ. ಬೇಸಿಗೆ ರಜೆಯಲ್ಲೇ ಬರಬೇಕಾದರೆ ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ತಿರುಗಿ. ನಡುವೆ ಊಟ, ನಿದ್ದೆ. ಏಪ್ರಿಲ್-ಮೇಗೆ ಒಂದು ಸಮಾಧಾನವಿದೆ, ಅದು ಮಾವು. ಅಂಕೋಲೆಯ ಕರಿ ಈಶಾಡು ಹಣ್ಣು ಸಿಗುವುದು ಆಗಲೇ.

ಮಳೆಗಾಲದಲ್ಲಿ ಬರಲೇಬಾರದಾ?

ಸಮುದ್ರಕ್ಕಾಗಿ ಬರಬೇಡಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ದ್ವೀಪಗಳಿಗೆ ದೋಣಿ ಇರುವುದಿಲ್ಲ, ಬೀಚಿನಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ಶಿರಾಡಿ ಘಾಟಿಯಲ್ಲಿ ಆಗಾಗ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಬಂದು ಜೀವಗಳು ಹೋದವು. ಹಾಗಾಗಿ ಜೋರು ಮಳೆಯ ಎಚ್ಚರಿಕೆ ಇದ್ದ ದಿನ ಎಲ್ಲಿದ್ದೀರೋ ಅಲ್ಲೇ ಇರಿ.

ಆದರೆ ಕೋಟೆ, ಬಸದಿ, ದೇವಸ್ಥಾನ ನೋಡುವುದೇ ಉದ್ದೇಶವಾಗಿದ್ದರೆ ಸೆಪ್ಟೆಂಬರ್ ಕೊನೆಯಷ್ಟು ಚೆಂದದ ಕಾಲ ಇನ್ನೊಂದಿಲ್ಲ. ಮಿರ್ಜಾನ್ ಕೋಟೆಯ ಗೋಡೆಗಳೆಲ್ಲ ಪಾಚಿ, ಹುಲ್ಲು ಹಿಡಿದು ಹಸಿರಾಗಿರುತ್ತವೆ. ಚಪ್ಪಲಿ ಜಾರುತ್ತದೆ, ಅದು ಬೇರೆ ಮಾತು.

ಹಳೇ ಬಂದರು ಅಂತೀರಿ, ಆದರೆ ಸಮುದ್ರದ ದಡದಲ್ಲಿ ಹಳೆಯದು ಏನೂ ಕಾಣಲ್ಲವಲ್ಲ?

ಕಾಣುವುದಿಲ್ಲ. ಯಾಕೆಂದರೆ ನೀವು ಹುಡುಕುತ್ತಿರುವ ಜಾಗ ತಪ್ಪು. ನಮ್ಮ ಕರಾವಳಿಯ ಹಳೆಯ ಪೇಟೆಗಳು ಇದ್ದದ್ದು ಅಲೆ ಬಡಿಯುವ ಮರಳಿನ ಮೇಲಲ್ಲ, ಹೊಳೆಯ ಒಳಗೆ. ಹಾಯಿ ಹಡಗಿಗೆ ಬೇಕಾದದ್ದು ಗಾಳಿ-ಅಲೆಯಿಂದ ಮರೆ, ಕುಡಿಯಲು ಸಿಹಿನೀರು, ಮತ್ತು ಘಟ್ಟದಿಂದ ಎತ್ತಿನ ಮೇಲೆ ಇಳಿದು ಬರುವ ಮೆಣಸು, ಅಕ್ಕಿ. ಈ ಮೂರೂ ಒಟ್ಟಿಗೆ ಸಿಗುವುದು ಹೊಳೆ ಸಮುದ್ರ ಸೇರುವ ಅಳಿವೆಯಿಂದ ಸ್ವಲ್ಪ ಮೇಲೆ, ಉಬ್ಬರದ ನೀರು ದೋಣಿಯನ್ನು ತಾನೇ ಒಳಗೆ ಎಳೆದು ತರುವ ಜಾಗದಲ್ಲಿ. ಸಮುದ್ರದಿಂದ ಬರುವ ಕಳ್ಳರೂ ಅಲ್ಲಿಯವರೆಗೆ ಸುಲಭಕ್ಕೆ ಬರಲಾರರು.

ನಕ್ಷೆ ತೆಗೆದು ದಕ್ಷಿಣದಿಂದ ಉತ್ತರಕ್ಕೆ ಹೊಳೆಗಳನ್ನು ಹಿಡಿದುಕೊಂಡು ಹೋಗಿ. ನೇತ್ರಾವತಿ, ಗುರುಪುರ ಹೊಳೆಗಳು ಕೂಡುವಲ್ಲಿ ಮಂಗಳೂರು. ಸೀತಾನದಿಯಲ್ಲಿ ಬಾರಕೂರು. ವಾರಾಹಿಯ ದಡದಲ್ಲಿ ಬಸರೂರು. ಶರಾವತಿಯ ಬಾಯಲ್ಲಿ ಹೊನ್ನಾವರ, ಅದೇ ಹೊಳೆಯಲ್ಲಿ ಮೇಲಕ್ಕೆ ಹೋದರೆ ಗೇರುಸೊಪ್ಪೆ. ಅಘನಾಶಿನಿಯಲ್ಲಿ ಮಿರ್ಜಾನ್. ಕಾಳಿಯ ಅಳಿವೆ ಕಾಯುತ್ತ ಸದಾಶಿವಗಡ. 1340ರ ದಶಕದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಈ ದಾರಿಯಲ್ಲಿ ಹಾದುಹೋದಾಗ ಇವುಗಳಲ್ಲಿ ಕೆಲವು ಊರುಗಳನ್ನು ಹೆಸರಿಸಿದ್ದಾನೆ. ಅವನ ಹಿನೌರ್ ನಮ್ಮ ಹೊನ್ನಾವರ, ಫಾಕನೂರ್ ಬಾರಕೂರು, ಮಂಜರೂರ್ ಮಂಗಳೂರು. ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಕಂಡೆ ಎಂದು ಬರೆದಿಟ್ಟಿದ್ದಾನೆ. ಇವತ್ತು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರಿಗೆ ಈ ಮಾತು ನಂಬಲು ಕಷ್ಟವೇ.

ಆಮೇಲೆ ಅಳಿವೆಗಳಲ್ಲಿ ಮರಳು ತುಂಬಿತು, ಪೋರ್ಚುಗೀಸರು ಬಂದು ವ್ಯಾಪಾರದ ಕತ್ತು ಹಿಡಿದರು, ಅರಸುಮನೆತನಗಳು ಬಿದ್ದವು, ಕೊನೆಗೆ ಹೊಳೆಯೊಳಗೆ ಬರಲಾಗದ ದೊಡ್ಡ ಉಗಿಹಡಗುಗಳು ಬಂದವು. ಪೇಟೆಗಳು ಹಳ್ಳಿಗಳಾದವು. ಹೆದ್ದಾರಿ 66 ಇವನ್ನೆಲ್ಲ ಪಕ್ಕಕ್ಕೆ ಬಿಟ್ಟು ನೇರ ಹೋಗುತ್ತದೆ, ನಿಮ್ಮ ಕಾರೂ ಅದರ ಜೊತೆ ಹೋಗುತ್ತದೆ. ಹಾಗಾಗಿ ನನ್ನ ಸಲಹೆ ಒಂದೇ: ದೊಡ್ಡ ಸೇತುವೆ ಸಿಕ್ಕಾಗಲೆಲ್ಲ, ದಾಟುವ ಮೊದಲು ಆ ಹೊಳೆಯ ಮೇಲ್ದಂಡೆಯಲ್ಲಿ ಯಾವ ಊರಿದೆ ಎಂದು ನೋಡಿ.

ಟೈಮ್ ಕಮ್ಮಿ ಇದೆ. ಅಂಥ ಒಂದೇ ಊರು ನೋಡೋದಾದರೆ ಯಾವುದು?

ಬಾರಕೂರು. ಉಡುಪಿಯಿಂದ ಉತ್ತರಕ್ಕೆ ಬ್ರಹ್ಮಾವರ ದಾಟಿ ಒಳಗೆ ತಿರುಗಬೇಕು; ಕೊಂಕಣ ರೈಲಿಗೆ ಅಲ್ಲೊಂದು ಸ್ಟೇಷನ್ನೂ ಇದೆ. ಆಳುಪ ಅರಸರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಕರಾವಳಿಯನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡು ಮಾಡಿ ಆಳಿದರು, ಅಷ್ಟರ ಮಟ್ಟಿಗೆ ದೊಡ್ಡದು. ಈಗ ತೆಂಗಿನ ತೋಟ, ಗದ್ದೆ, ನಡುನಡುವೆ ದೇವಸ್ಥಾನ. ಮಣಿಗಾರಕೇರಿ, ಕೋಟೆಕೇರಿ ಎಂದು ಹಳೆಯ ಪೇಟೆಯ ಕೇರಿಗಳ ಹೆಸರು ಮಾತ್ರ ಹಾಗೇ ಉಳಿದಿವೆ.

ಕತ್ತಲೆ ಬಸದಿಗೆ ಹೋಗಿ. ಮುರಕಲ್ಲಿನ ಪಾಗಾರದೊಳಗೆ ಒಂದೇ ಆವರಣದಲ್ಲಿ ಗುಡಿಗಳಿವೆ. ಮೂರ್ತಿಗಳು ಬಹಳಷ್ಟು ಹೋಗಿವೆ. ಒಳಗೆ ನಿಂತು ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟರೆ ಕಂಬದ ಮೇಲಿನ ಗೆರೆಗಳು ಒಂದೊಂದಾಗಿ ಕಾಣಿಸುತ್ತವೆ. ಹೊರಗೆ ಬಂದು ಗುಡಿಯ ಮಾಡು, ಅಂದರೆ ಛಾವಣಿ ನೋಡಿ. ಅದು ಕಲ್ಲಿನ ಚಪ್ಪಡಿಯೇ, ಆದರೆ ನಮ್ಮ ಮನೆಯ ಮಾಡಿನ ಹಾಗೆ ಇಳಿಜಾರಾಗಿ, ಒಂದರ ಮೇಲೊಂದು ಅಂಚು ಹೊದಿಸಿ ಇಟ್ಟಿದ್ದಾರೆ. ಹಂಪಿ, ಬೇಲೂರಿನಲ್ಲಿ ಹೀಗೆ ಮಾಡುವ ಅಗತ್ಯ ಬೀಳಲಿಲ್ಲ. ಇಲ್ಲಿನ ಮಳೆಗೆ ಚಪ್ಪಟೆ ಮಾಡು ನಿಲ್ಲುವುದಿಲ್ಲ. ಅಲ್ಲಿಂದ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಬಾರಕೂರಿನಲ್ಲಿ 365 ದೇವಸ್ಥಾನ ಇತ್ತು, ದಿನಕ್ಕೊಂದರಂತೆ, ಎಂದು ಊರವರು ಹೇಳುತ್ತಾರೆ. ಎಣಿಸಿದವರು ಯಾರೂ ಸಿಕ್ಕಿಲ್ಲ.

ಇನ್ನೊಂದು ಅರ್ಧ ದಿನ ಸಿಕ್ಕರೆ ಬಸರೂರು ಸೇರಿಸಿಕೊಳ್ಳಿ, ಕುಂದಾಪುರದಿಂದ ಹತ್ತಿರ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆಯುತ್ತಿದ್ದ ಈ ಊರಿನ ಅಕ್ಕಿಯೇ ಗೋವೆಯ ಹೊಟ್ಟೆ ತುಂಬಿಸುತ್ತಿತ್ತು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಇದನ್ನು ಲೂಟಿ ಮಾಡಿದ್ದೂ ಇಲ್ಲಿ ಲೂಟಿ ಮಾಡಲು ಏನಾದರೂ ಇತ್ತು ಎಂಬುದಕ್ಕೇ ಸಾಕ್ಷಿ.

ಭಟ್ಕಳದಲ್ಲಿ ಇಳಿದು ನೋಡುವಂಥದ್ದು ಇದೆಯಾ?

ಇದೆ, ಮತ್ತು ಇಡೀ ಕರಾವಳಿಯಲ್ಲಿ ನನಗೆ ಅತಿ ಇಷ್ಟವಾದದ್ದು ಇಲ್ಲೇ ಇದೆ. ಜನ ಮುರುಡೇಶ್ವರದ ಗಡಿಬಿಡಿಯಲ್ಲಿ ಭಟ್ಕಳವನ್ನು ಬೈಪಾಸ್ ಮಾಡಿ ಬಿಡುತ್ತಾರೆ.

ವಿಜಯನಗರಕ್ಕೆ ಅರೇಬಿಯಾ, ಪರ್ಷಿಯಾದ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ ಮುಖ್ಯ. ಆ ದುಡ್ಡು ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ ನೋಡಿ. 16ನೇ ಶತಮಾನದ್ದು, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಚಿಕ್ಕ ಗುಡಿ. ಹೊರಗೋಡೆಯ ಕೆಳಪಟ್ಟಿಯಲ್ಲಿ ರಾಮಾಯಣದ ಕತೆ ಓಡುತ್ತದೆ. ಅದರ ನಡುವೆ ಸಾಮಾನ್ಯ ಜನರ ದಿನನಿತ್ಯದ ಚಿತ್ರಗಳೂ ಸೇರಿಕೊಂಡಿವೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನಿಲ್ಲಿಸುವುದು ಗೋಡೆಯ ಬದಲು ನಿಲ್ಲಿಸಿದ ಕಲ್ಲಿನ ಜಾಲರಿ. ಓರೆಯಾಗಿ ಒಂದರ ಕೆಳಗೊಂದು ಜೋಡಿಸಿದ ಪಟ್ಟಿಗಳು. ಮಳೆಯ ಎರಚಲು ಒಳಗೆ ಬರಬಾರದು, ಗಾಳಿ-ಬೆಳಕು ಬರಬೇಕು. ಮರದಲ್ಲಿ ಬಡಗಿ ಮಾಡುವ ಕೆಲಸವನ್ನು ಶಿಲ್ಪಿ ಕಲ್ಲಿನಲ್ಲಿ ಹಾಗೆಯೇ ಮಾಡಿಟ್ಟಿದ್ದಾನೆ. ಮಧ್ಯಾಹ್ನ ಮೂರರ ಮೇಲೆ ಹೋದರೆ ಅದರ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಒಳಗೆ ಬಿದ್ದಿರುತ್ತದೆ.

ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಇದೆ. ನೋಡಿಕೊಂಡು, ಮಾಂಸಾಹಾರಿಗಳಾದರೆ ಭಟ್ಕಳ ಬಿರಿಯಾನಿ ತಿಂದೇ ಹೊರಡಿ. ಹದವಾಗಿ ಬೇಯಿಸಿದ ಈರುಳ್ಳಿಯ ಮಸಾಲೆ ಕೆಳಗೆ, ಅನ್ನ ಮೇಲೆ. ಬಡಿಸುವಾಗಲೇ ಎರಡೂ ಕೂಡುವುದು. ಇಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಮನೆಯಲ್ಲಿ ಊಟಕ್ಕೆ ಕರೆ ಬಂದರೆ ಬೇರೆ ಏನೇ ಕಾರ್ಯಕ್ರಮ ಇದ್ದರೂ ಬಿಡಿ.

ಮುರುಡೇಶ್ವರ ಎಷ್ಟು ಹಳೆಯದು?

ಆತ್ಮಲಿಂಗದ ಕತೆಯಿಂದಾಗಿ ಕ್ಷೇತ್ರ ಹಳೆಯದು. ನೀವು ಫೋಟೋದಲ್ಲಿ ನೋಡುವುದೆಲ್ಲ ಹೊಸತು. 20 ಅಂತಸ್ತಿನ, 237 ಅಡಿಯ ರಾಜಗೋಪುರ 2008ರದ್ದು, ಶಿವನ ಪ್ರತಿಮೆ 123 ಅಡಿ. ಗೋಪುರದೊಳಗೆ ಲಿಫ್ಟ್ ಇದೆ, ಮೇಲಿನಿಂದ ಕಾಣುವ ದೃಶ್ಯ ಚೆನ್ನಾಗಿದೆ, ಮಕ್ಕಳಿಗೆ ಖುಷಿ. ಒಂದೆರಡು ಗಂಟೆ ಸಾಕು. ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವವರು ಇಲ್ಲಿಂದಲೇ ಹೊರಡುವುದು.

ಗೇರುಸೊಪ್ಪೆಯ ಬಸದಿಗೆ ಹೋಗೋದು ಕಷ್ಟನಾ?

ಮೊದಲಿನಷ್ಟಿಲ್ಲ. ಹೊನ್ನಾವರದಿಂದ ಜೋಗದ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋಗಿ, ಗೇರುಸೊಪ್ಪೆಯಲ್ಲಿ ಹೊಳೆ ದಾಟಿ ಕಾಡಿನ ನಡುವಿನ ನಗರಬಸ್ತಿಕೇರಿಗೆ ಹೋಗಬೇಕು. ಸ್ವಂತ ವಾಹನ ಇದ್ದರೆ ಸುಲಭ, ಇಲ್ಲವಾದರೆ ಹೊನ್ನಾವರದಲ್ಲಿ ರಿಕ್ಷಾದವರ ಹತ್ತಿರ ಹೋಗಿಬರುವ ಬಾಡಿಗೆ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತದೆ. ಸುಣ್ಣ ಅಥವಾ ಉಪ್ಪು ಕೈಯಲ್ಲಿರಲಿ.

ಹಿಂದೆ ನಗಿರೆ ಎಂದು ಹೆಸರಿದ್ದ ರಾಜಧಾನಿ ಇದು. 16ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಹೊಗಳಿಕೆಗೆ ಕರೆದದ್ದಲ್ಲ, ಮೆಣಸಿನ ದರದಲ್ಲಿ ಅವಳ ಜೊತೆ ಏಗಿ ಸಾಕಾಗಿ ಕರೆದದ್ದು ಎಂದು ನನ್ನ ಅನುಮಾನ. ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆಯಲ್ಲಿಟ್ಟ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ಹೊಳೆಯಲ್ಲಿ ದೋಣಿ ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ಪಟ್ಟಣ ಪಾಳುಬಿದ್ದು ಗಿಡಮರ ಬೆಳೆದಿತ್ತು. ರಾಜಧಾನಿಯೊಂದು ಕಾಡಾಗಲು ಬಹಳ ವರ್ಷ ಬೇಕಾಗಲಿಲ್ಲ.

ಉಳಿದಿರುವುದರಲ್ಲಿ ಚತುರ್ಮುಖ ಬಸದಿ ದೊಡ್ಡದು. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿ ಕುಳಿತ ತೀರ್ಥಂಕರರು. ಯಾವ ಕಡೆಯಿಂದ ಹತ್ತಿದರೂ ಎದುರಿಗೇ ಸಿಗುತ್ತಾರೆ. ಸುತ್ತ ಕಾಡು, ಜೀರುಂಡೆ ಸದ್ದು. ಮಧ್ಯಾಹ್ನದೊಳಗೆ ಹೋಗಿ ಬನ್ನಿ. ತಿಂಡಿ, ನೀರು ನಿಮ್ಮದೇ ಇರಲಿ.

ಮಿರ್ಜಾನ್ ಕೋಟೆ ಕಟ್ಟಿಸಿದ್ದು ಚೆನ್ನಭೈರಾದೇವಿಯೇ?

ಜನ ಹಾಗೆ ಹೇಳುತ್ತಾರೆ. ಈಗ ಕಾಣುವ ಕೋಟೆಯ ಬಹುಭಾಗ ಬಿಜಾಪುರದ ಸುಲ್ತಾನರ ಅಧಿಕಾರಿ ಷರೀಫ್-ಉಲ್-ಮುಲ್ಕನ ಕಾಲದ್ದು ಎನ್ನುವ ವಾದವೂ ಇದೆ. ಯಾರೇ ಕಟ್ಟಿರಲಿ, ಅಘನಾಶಿನಿಯಲ್ಲಿ ಬರುವ ಮೆಣಸಿನ ದೋಣಿಗಳ ಮೇಲೆ ಕಣ್ಣಿಡಲು ಕಟ್ಟಿದ್ದು. ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಕುಮಟಾ-ಗೋಕರ್ಣ ನಡುವೆ ಹೋಗುವವರು ಬಿಡಬೇಡಿ. ಕಂದಕ ದಾಟಿ ಒಳಗೆ ಹೋದರೆ ಬಾವಿಗಳು, ಸುರಂಗದಂಥ ದಾರಿಗಳು. ಬಾವಿಯ ಕಟ್ಟೆಯ ಮೇಲೆ ಹತ್ತಿ ಸೆಲ್ಫಿ ತೆಗೆಯುವುದು ಬೇಡ.

ಗೋಕರ್ಣಕ್ಕೆ ದೇವಸ್ಥಾನಕ್ಕೆ ಹೋಗೋದಾ, ಬೀಚಿಗಾ?

ಎರಡಕ್ಕೂ, ಆದರೆ ಬಟ್ಟೆ ಬದಲಾಯಿಸಿಕೊಂಡು. ಮಹಾಬಲೇಶ್ವರನ ಗುಡಿಯಲ್ಲಿ ಗಂಡಸರು ಅಂಗಿ ಕಳಚಬೇಕು, ಪಂಚೆ ಉಟ್ಟಿದ್ದರೆ ಒಳ್ಳೆಯದು. ಚಡ್ಡಿ ಹಾಕಿಕೊಂಡು ಬಂದು ಬಾಗಿಲಲ್ಲಿ ವಾದಕ್ಕಿಳಿಯುವವರನ್ನು ದಿನಾ ನೋಡುತ್ತೇವೆ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ, ಇದು ಇಲ್ಲಿನ ಕ್ರಮ. ಬೆಳಿಗ್ಗೆ ಬೇಗ ಕೋಟಿತೀರ್ಥದ ಸುತ್ತ ಒಂದು ಸುತ್ತು ಹಾಕಿ. ಹಳೆಯ ಭಟ್ಟರ ಮನೆಗಳು, ಜಗಲಿ, ತುಳಸಿಕಟ್ಟೆ ಇನ್ನೂ ಉಳಿದಿರುವ ಕೇರಿ ಅದು.

ಓಂ, ಕುಡ್ಲೆ ಬೀಚಿನ ಬಗ್ಗೆ ಎಲ್ಲರಿಗೂ ಗೊತ್ತು, ನಾನು ಹೇಳುವುದು ಬೇಡ. ಜನವರಿಯಿಂದ ಮೇ ಒಳಗೆ ಬಂದರೆ ಸಾಣಿಕಟ್ಟೆಗೆ ಹೋಗಿ ಉಪ್ಪಿನ ಆಗರ ನೋಡಿ. ಉಬ್ಬರದ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಡುತ್ತ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಉದ್ದ ಕೋಲಿನ ತುದಿಯ ಹಲಗೆಯಿಂದ ಹರಳನ್ನು ಅಂಚಿಗೆ ಎಳೆದು ರಾಶಿ ಹಾಕುವಾಗ ಸರಸರ ಸದ್ದು ಬರುತ್ತದೆ. ಪಕ್ಕದ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಈ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ. ಅಳಿವೆ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ಬಾರ್ಜಿನಲ್ಲಿ ದಾಟಬಹುದು.

ಮಂಗಳೂರಲ್ಲಿ ಒಂದು ದಿನ ಇದ್ದರೆ?

ಮೊದಲು ಕದ್ರಿ. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಗೆ ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಇಟ್ಟದ್ದು ಎಂದು ಪೀಠದ ಶಾಸನ ಹೇಳುತ್ತದೆ. ಬೌದ್ಧರ ಲೋಕೇಶ್ವರ ಶೈವರ ಗುಡಿಯಲ್ಲಿ ಇವತ್ತಿಗೂ ಪೂಜೆ ತೆಗೆದುಕೊಳ್ಳುತ್ತಿದ್ದಾನೆ. ಆಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಗೋಡೆ, ಛಾವಣಿ ತುಂಬ ಚಿತ್ರ ಬರೆದದ್ದು ಇಟಲಿಯ ಅಂತೋನಿಯೊ ಮೊಸ್ಕೆನಿ, 1900ರ ಆಸುಪಾಸಿನಲ್ಲಿ.

ಸಂಜೆ ಸುಲ್ತಾನ್ ಬತ್ತೇರಿಗೆ ಹೋಗಿ ಹೊಳೆ ದಾಟಿ ತಣ್ಣೀರುಬಾವಿ. ಹಳೇ ಬಂದರಿನ ಗಲ್ಲಿಗಳಲ್ಲಿ ಬೆಳಿಗ್ಗೆ ತಿರುಗಿದರೆ ಇನ್ನೂ ಗೋದಾಮು, ಗೋಣಿ, ಒಣಮೀನಿನ ವಾಸನೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ 1130ರ ದಶಕದಲ್ಲಿ ಬಂದು ಸುಮಾರು 17 ವರ್ಷ ವ್ಯಾಪಾರ ಮಾಡಿದ್ದು ಇದೇ ಮಂಗಳೂರಿನಲ್ಲಿ. ಅವನ ಪತ್ರಗಳು ಈಜಿಪ್ಟಿನ ಕೈರೋದ ಸಿನಗಾಗಿನಲ್ಲಿ ಉಳಿದು ಸಿಕ್ಕಿವೆ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರಿಂದ ಇಲ್ಲೇ. ನಮ್ಮೆಲ್ಲರ ಮನೆಯ ಮಾಡಿನ ಮೇಲಿದ್ದ ಮಂಗಳೂರು ಹಂಚೂ 1865ರಲ್ಲಿ ಅವರ ಕಾರ್ಖಾನೆಯಿಂದಲೇ ಶುರುವಾಯಿತು.

ಮೂಡಬಿದಿರೆ, ಕಾರ್ಕಳ ಸಮುದ್ರದ ಹತ್ತಿರ ಇಲ್ಲವಲ್ಲ, ಹೋಗಬೇಕಾ?

ಹೋಗಬೇಕು. ಬಂದರಿನಲ್ಲಿ ಗಳಿಸಿದ್ದನ್ನು ಖರ್ಚು ಮಾಡಿದ್ದು ಅಲ್ಲಿ. ಮೂಡಬಿದಿರೆಯ 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ನೋಡುತ್ತ ಹೋದರೆ ನಂಬಿಕೆ ಬರುತ್ತದೆ. ಕಾರ್ಕಳದ ಗೊಮ್ಮಟ 1432ರದ್ದು, 42 ಅಡಿ. ಬಂಡೆ ಬಿಸಿಲಿಗೆ ಕಾಯುವ ಮೊದಲು ಹತ್ತಿ, ಬರಿಗಾಲಲ್ಲಿ ಹೋಗಬೇಕು. ಎರಡೂ ಮಂಗಳೂರು ಅಥವಾ ಉಡುಪಿಯಿಂದ ಒಂದೇ ದಿನದಲ್ಲಿ ಮುಗಿಯುತ್ತವೆ.

ಉಡುಪಿ, ಮಲ್ಪೆ?

ಕೃಷ್ಣನ ದರ್ಶನ ನವಗ್ರಹ ಕಿಂಡಿಯಿಂದ, ಮಧ್ಯಾಹ್ನ ಮಠದಲ್ಲಿ ಊಟ. ಅಲ್ಲಿಗೆ ಬಂದವರು ರಥಬೀದಿಯಲ್ಲೇ ಇರುವ ಅನಂತೇಶ್ವರ, ಚಂದ್ರಮೌಳೀಶ್ವರ ಗುಡಿಗಳನ್ನು ಬಿಟ್ಟು ಹೋಗುತ್ತಾರೆ. ಮಠಕ್ಕಿಂತ ಹಳೆಯವು ಅವು. ಕೃಷ್ಣನ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ನೋಡಬೇಕಾದರೆ ಸಮಸಂಖ್ಯೆಯ ವರ್ಷದ ಜನವರಿ 18ಕ್ಕೆ ಬನ್ನಿ, ರೂಮು ತಿಂಗಳುಗಳ ಮೊದಲೇ ಹಿಡಿಯಿರಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ. ಅಲ್ಲಿನ ಕಲ್ಲಿನ ಕಂಬಗಳು ಯಾರೂ ಕಡಿದದ್ದಲ್ಲ, ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗುತ್ತ ಬಿರಿದು ಹೀಗೆ ಐದಾರು ಮೂಲೆಯ ಕಂಬಗಳಾಯಿತು. ನೆರಳು ಕಮ್ಮಿ, ಟೋಪಿ ಬೇಕು. ಕಲ್ಲಿನ ಚೂರು ಜೇಬಿಗೆ ಹಾಕಿಕೊಳ್ಳಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ನೀರಿಗಿಳಿಯಬಹುದಾ? ನಮಗೆ ಈಜು ಬರುತ್ತದೆ.

ಕೆರೆ, ಸ್ವಿಮ್ಮಿಂಗ್ ಪೂಲಿನ ಈಜು ಇಲ್ಲಿ ಲೆಕ್ಕಕ್ಕಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಮಳೆಗಾಲವಲ್ಲ, ಒಳ್ಳೆಯ ಹವೆಯ ತಿಂಗಳು ಅದು. ಪ್ರತಿ ವರ್ಷ ಇಂಥ ಸುದ್ದಿ ಓದಿ ಓದಿ ನಮಗೆ ಸಾಕಾಗಿದೆ, ಹಾಗಾಗಿ ಈ ಉತ್ತರ ಸ್ವಲ್ಪ ಖಾರವಾಗಿಯೇ ಇರಲಿ.

ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟಾಗಿ, ಶಾಂತವಾಗಿ ಕಂಡರೆ ಹೊಸಬರು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ಸೆಳೆತ ಇರುವುದೇ ಅಲ್ಲಿ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ಒಳಗೆ ಬನ್ನಿ. ಈಜಲಾಗದಿದ್ದರೆ ತೇಲುತ್ತ ಕೈ ಎತ್ತಿ. ಅಳಿವೆಯ ಹತ್ತಿರ ಇಳಿಯಲೇಬೇಡಿ. ಕಾಪುವಿನ ದೀಪಸ್ತಂಭದ ಹತ್ತಿರದ ಬಂಡೆಗಳ ಮೇಲೆ, ಗೋಕರ್ಣದ ಬಂಡೆಗಳ ಮೇಲೆ ಅಲೆಗೆ ಬೆನ್ನು ಹಾಕಿ ಫೋಟೋಕ್ಕೆ ನಿಲ್ಲಬೇಡಿ. ಕುಡಿದು ಇಳಿಯುವವರಿಗೆ ಹೇಳುವುದು ಏನೂ ಇಲ್ಲ.

ಮಕ್ಕಳಿದ್ದರೆ ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡು ಬೀಚಿಗೆ ಹೋಗಿ. ಎರಡಕ್ಕೂ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಶೌಚಾಲಯ, ಸ್ನಾನದ ಮನೆ, ಕಾವಲಿನವರು ಎಲ್ಲ ಇದ್ದಾರೆ.

ರೈಲಾ, ಕಾರಾ, ಬಸ್ಸಾ?

ಊರಿಂದ ಊರಿಗೆ ರೈಲು, ಊರೊಳಗೆ ರಿಕ್ಷಾ ಅಥವಾ ಬಾಡಿಗೆ ಸ್ಕೂಟರ್. 1998ರಲ್ಲಿ ಪೂರ್ತಿ ಶುರುವಾದ ಕೊಂಕಣ ರೈಲು ಒಂದಾದ ಮೇಲೊಂದು ಹೊಳೆ ದಾಟುತ್ತ ಹೋಗುತ್ತದೆ; ಶರಾವತಿಯ ಸೇತುವೆ 2 ಕಿಲೋಮೀಟರಿಗೂ ಉದ್ದ. ಹಗಲು ಹೊತ್ತಿನ ಗಾಡಿ ಹಿಡಿದು ಬಾಗಿಲ ಹತ್ತಿರದ ಕಿಟಕಿ ಸಿಕ್ಕರೆ ಅದೇ ಒಂದು ಪ್ರವಾಸ. ಸ್ಟೇಷನ್ನುಗಳು ಊರಿನಿಂದ ದೂರ ಎನ್ನುವುದೊಂದೇ ತೊಂದರೆ. ಗೋಕರ್ಣ ರೋಡ್‌ನಲ್ಲಿ ಇಳಿದವರಿಗೆ ಗೋಕರ್ಣ ಇನ್ನೂ ಒಂಬತ್ತು ಹತ್ತು ಕಿಲೋಮೀಟರ್.

ದಕ್ಷಿಣ ಕನ್ನಡ, ಉಡುಪಿಯಲ್ಲಿ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಐದು ಹತ್ತು ನಿಮಿಷಕ್ಕೊಂದು, ಓಟವೂ ಜೋರು. ಕುಂದಾಪುರ ದಾಟಿದ ಮೇಲೆ ಸರ್ಕಾರಿ ಬಸ್ಸು ಮತ್ತು ಟೆಂಪೋಗಳನ್ನು ನಂಬಬೇಕು. ಕಾರಿದ್ದರೆ ಮರವಂತೆಯಲ್ಲಿ ನಿಲ್ಲಿಸಿ: ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ.

ಎಷ್ಟು ದಿನ ಬೇಕು?

ಐದಾರು ದಿನ ಇದ್ದರೆ ಚೆನ್ನ. ಮಂಗಳೂರು-ಕಾರವಾರ ಸುಮಾರು 270 ಕಿಲೋಮೀಟರ್, ಒಂದೇ ದಿನದಲ್ಲಿ ಓಡಿಸಿಬಿಡಬಹುದು. ಹಾಗೆ ಓಡಿಸುವವರೇ ಕೊನೆಗೆ ಕರಾವಳಿಯಲ್ಲಿ ಬೀಚ್ ಬಿಟ್ಟು ಏನೂ ಇಲ್ಲ ಎನ್ನುವುದು. ಮಂಗಳೂರು, ಉಡುಪಿ, ಹೊನ್ನಾವರ ಅಥವಾ ಕುಮಟಾ ಎಂದು ಮೂರು ಕಡೆ ಠಿಕಾಣಿ ಹೂಡಿ ಅಲ್ಲಿಂದ ಸುತ್ತಾಡಿ. ಮೂರೇ ದಿನ ಎಂದಾದರೆ ದಕ್ಷಿಣವೋ ಉತ್ತರವೋ ಒಂದನ್ನು ಆರಿಸಿ. ನಾನು ಉತ್ತರ ಕನ್ನಡದವ, ನನ್ನ ಉತ್ತರ ನಿಮಗೆ ಗೊತ್ತೇ ಇದೆ.

ಕಾರವಾರದವರೆಗೂ ಹೋಗಬೇಕಾ?

ಗೋವಾಕ್ಕೆ ಮುಂದುವರಿಯುವುದಿದ್ದರೆ ಖಂಡಿತ ಒಂದು ರಾತ್ರಿ ಇರಿ. ಗುಡ್ಡಗಳು ಸಮುದ್ರದವರೆಗೂ ಬಂದು ನಿಂತ ಊರು. ಇಪ್ಪತ್ತು ದಾಟಿದ ಹುಡುಗ ರವೀಂದ್ರನಾಥ ಟ್ಯಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದು ಒಂದು ನಾಟಕವನ್ನೇ ಬರೆದರು. ಬೀಚಿಗೆ ಅವರದೇ ಹೆಸರು. ದಂಡೆಯ ಮೇಲಿರುವ ಐಎನ್ಎಸ್ ಚಪಲ್ ಯುದ್ಧನೌಕೆಯೊಳಗೆ ಹೋಗಿ ನೋಡಬಹುದು.

ಊಟ ಹೇಗೆ? ಮೀನು ತಿನ್ನದವರಿಗೆ ತೊಂದರೆ ಆಗುತ್ತಾ?

ಮೀನು ತಿನ್ನದವರಿಗೆ ಉಡುಪಿಯಷ್ಟು ಸುಖ ಎಲ್ಲಿದೆ? ಬನ್ಸ್, ಗೋಳಿಬಜೆ, ನೀರುದೋಸೆ, ಮಳೆಗಾಲದಲ್ಲಿ ಪತ್ರೊಡೆ, ಮಟ್ಟು ಗುಳ್ಳದ ಹುಳಿ. ಕುಮಟಾ-ಹೊನ್ನಾವರದ ಕಡೆ ಊಟಕ್ಕೆ ತಂಬುಳಿ, ಅಪ್ಪೆಹುಳಿ ಇದ್ದರೆ ಕೇಳಿ ಹಾಕಿಸಿಕೊಳ್ಳಿ. ಬಿಸಿಲಲ್ಲಿ ಸುತ್ತಿ ಬಂದವರಿಗೆ ಪುನರ್ಪುಳಿ ಶರಬತ್ತು. ಉತ್ತರ ಕನ್ನಡದಲ್ಲಿ ಅದನ್ನೇ ಮುರುಗಲು ಎಂದು ಕೇಳಬೇಕು.

ಮೀನಿನ ಹೆಸರೂ ಹಾಗೇ. ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸವಾಣ, ಕಾಣೆ ಅಲ್ಲಿ ನೋಗ್ಲಿ, ಬೂತಾಯಿ ಅಲ್ಲಿ ತಾರ್ಲೆ. ಬಂಗುಡೆ ಎಲ್ಲ ಕಡೆಯೂ ಬಂಗುಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಹೋಟೆಲಿನಲ್ಲಿ ಸಿಗುವುದು ಹೆಚ್ಚಾಗಿ ಐಸಿನಲ್ಲಿಟ್ಟದ್ದು ಅಥವಾ ಹೊರಗಿನಿಂದ ಬಂದದ್ದು. ನಾಡದೋಣಿಯವರದ್ದು ಸಿಕ್ಕರೆ ಅದೃಷ್ಟ. ಆ ಎರಡು ತಿಂಗಳು ನಾವು ಒಣಮೀನು ತಿನ್ನುತ್ತೇವೆ.

ಯಕ್ಷಗಾನ, ಕಂಬಳ, ಕೋಲ ನೋಡಲು ಟಿಕೆಟ್ ಇದೆಯಾ?

ಬಯಲಾಟಕ್ಕೆ ಟಿಕೆಟ್ ಇಲ್ಲ, ಯಾರದೋ ಹರಕೆಯ ಆಟ, ಹೋಗಿ ಕೂರಬಹುದು. ಕಂಬಳ ನವೆಂಬರಿನಿಂದ ಮಾರ್ಚ್‌ವರೆಗೆ, ಮಂಗಳೂರು-ಉಡುಪಿ ಕಡೆ. ಆದರೆ ಭೂತಾರಾಧನೆಯ ಕೋಲ ಪ್ರದರ್ಶನ ಅಲ್ಲ, ಒಂದು ಮನೆಯ ಅಥವಾ ಊರಿನ ಪೂಜೆ. ಸ್ಥಳೀಯರ ಜೊತೆ ಹೋಗಿ, ಚಪ್ಪಲಿ ಬಿಡಿ, ಕೇಳದೆ ವಿಡಿಯೋ ಮಾಡಬೇಡಿ, ಫ್ಲ್ಯಾಶ್ ಹಾಕಲೇಬೇಡಿ. ಸಿನಿಮಾ ನೋಡಿ ಬಂದವರು ಕೂಗಿ ಅನುಕರಣೆ ಮಾಡುವುದು ಈಚೆಗೆ ಹೆಚ್ಚಾಗಿದೆ. ಅದು ಯಾರಿಗೂ ಹಿಡಿಸುವುದಿಲ್ಲ.

ತುಳು, ಕೊಂಕಣಿ ಬರದಿದ್ದರೆ ನಡೆಯುತ್ತಾ?

ಧಾರಾಳವಾಗಿ. ಬ್ರಹ್ಮಾವರದ ಉತ್ತರಕ್ಕೆ ಕುಂದಗನ್ನಡ ಶುರು, ಮೊದಲ ಐದು ನಿಮಿಷ ಕಿವಿ ಹೊಂದಿಕೊಳ್ಳಬೇಕು ಅಷ್ಟೇ.

ವಾಪಸ್ ಹೋಗುವಾಗ ಏನು ಒಯ್ಯಬಹುದು?

ಉಡುಪಿಯಿಂದ ಶಂಕರಪುರ ಮಲ್ಲಿಗೆ ಒಯ್ಯುವುದಾದರೆ ಬಾಳೆಯಲ್ಲಿ ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ಹೊರಡಿ. ಹಗಲಿನ ಬಿಸಿಗೆ ಬಾಡುತ್ತದೆ. ಏಪ್ರಿಲ್-ಮೇನಲ್ಲಿ ಕುಮಟಾ ಹತ್ತಿರ ಹೆದ್ದಾರಿಯ ಬದಿಯಲ್ಲಿ ಸಿಹಿ ಈರುಳ್ಳಿಯನ್ನು ಜಡೆಯ ಹಾಗೆ ಹೆಣೆದು ನೇತುಹಾಕಿರುತ್ತಾರೆ. ಆ ಗೊಂಚಲನ್ನು ಬಿಚ್ಚದೆ ಹಾಗೇ ಒಯ್ದು ಗಾಳಿಯಾಡುವಲ್ಲಿ ನೇತುಹಾಕಿ, ಮಳೆಗಾಲದವರೆಗೂ ಬರುತ್ತದೆ. ಕಾರಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಟ್ಟರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಬೆವೆತು ಕೊಳೆಯಲು ಶುರುವಾಗಿರುತ್ತದೆ. ಚೌಕಾಸಿ ಮಾಡಿ, ಆದರೆ ಬಿಸಿಲಲ್ಲಿ ಕೂತ ಅಜ್ಜಿಯ ಹತ್ತಿರ ಹತ್ತು ರೂಪಾಯಿಗೆ ಜಗ್ಗಾಡಬೇಡಿ.